ಬಿಳಿ ಗೂಡಿನ ಜೇಡ

ಆ ಬೆಳಿಗ್ಗೆ ಗಾಳಿ ಉಸಿರು ಬಿಗಿ ಹಿಡಿದಿತ್ತು. ಮೋಡದ ಒಂದು ಚೂರೂ ಇಲ್ಲದ ಆಕಾಶ, ನೆಲದಲ್ಲಿದ್ದ ಬಿಸಿಯನ್ನೆಲ್ಲ ರಾತ್ರಿಯಿಡೀ ಎಳೆದುಕೊಂಡು, ಈಗ ಏನೂ ಅರಿಯದ ಹಾಗೆ ತಿಳಿಯಾಗಿ ನಿಂತಿತ್ತು. ಹುಲ್ಲು ಬೆಳ್ಳಗಾಗಿತ್ತು. ಬೇಲಿಯ ತಂತಿ ಬೆಳ್ಳಗಾಗಿತ್ತು. ಮಡಿಗಳ ಅಂಚಿಗಿಟ್ಟ ಕಲ್ಲುಗಳ ನೆತ್ತಿಗೂ ನರೆ ಬಂದಿತ್ತು. ದೇವರು ಆ ತಗ್ಗಿನ ಮೇಲೆಲ್ಲ ಒಂದು ಹಿಡಿ ಉಪ್ಪು ಉದುರಿಸಿ ಸದ್ದಿಲ್ಲದೆ ಹೋದಂತಿತ್ತು.

ಪತ್ತೇದಾರಮ್ಮ ನರ್ಸರಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಒಂದು ಪಿಂಗಾಣಿ ಬಟ್ಟಲು. ಹಿಂದಿನ ಸಂಜೆ ಅದಕ್ಕೆ ನೀರು ತುಂಬಿಸಿ ಇಟ್ಟು ಹೋದವರೂ ಅವರೇ. ಬೆರಳ ತುದಿಯಿಂದ ನೀರನ್ನು ಮುಟ್ಟಿದರು. ಅಲುಗಲಿಲ್ಲ. ಉಗುರಿನಿಂದ ತಟ್ಟಿದರು. ಟಿಕ್ ಎಂದಿತು.

"ಗಿಡದಣ್ಣಾ, ಶೆಡ್ಡಿನೊಳಗೆ ಹೋಗಿ ಪೆಟ್ಟಿಗೆ ನೋಡು. ಎಷ್ಟಿದೆ?"

"ಆರು ಅಮ್ಮ."

"ಸರಿಯಾಗಿ ನೋಡಪ್ಪ."

"ಆರೇ ಅಮ್ಮ, ಆರು ಡಿಗ್ರಿ. ನನ್ನ ಕಣ್ಣು ಸರಿಯಾಗಿದೆ. ಹಣೆಬರಹ ಒಂದೇ ಕೈ ಕೊಟ್ಟಿರೋದು."

ಹೋದ ವಾರ ಇದೇ ತಗ್ಗಿನಲ್ಲಿ, ಮಾರಾಟಕ್ಕೆ ಬೆಳೆದು ನಿಂತಿದ್ದ ಸಸಿಗಳೆಲ್ಲ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಬಿದ್ದಿದ್ದವು. ಆ ರಾತ್ರಿ ಅಂಥ ಚಳಿಯೇ ಇರಲಿಲ್ಲವೆಂದು ಯಂತ್ರ ಹೇಳಿದ್ದರಿಂದ, ವಿಷ ಸುರಿದವನೆಂಬ ಹೆಸರು ಕಾವಲಿಗಿದ್ದ ಗಿಡದಣ್ಣನ ತಲೆಗೆ ಬಂದಿತ್ತು.

"ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿದೆ. ಪೆಟ್ಟಿಗೆ ಆರು ಅನ್ನುತ್ತೆ," ಎಂದರು ಪತ್ತೇದಾರಮ್ಮ, ತಮಗೆ ತಾವೇ. "ಇಬ್ಬರಲ್ಲಿ ಒಬ್ಬರು ನಿಜ ಹೇಳ್ತಿಲ್ಲ. ನೀರಿಗಂತೂ ಸುಳ್ಳು ಹೇಳೋಕೆ ಬರಲ್ಲ."

"ಹಾಗಾದ್ರೆ ನಮ್ಮಣ್ಣನ ಯಂತ್ರ ಸುಳ್ಳು ಹೇಳ್ತಿದೆ ಅಂತೀರಾ?"

ಹಿಂದಿನಿಂದ ಬಂದ ದನಿ ನರ್ಸರಿಯ ಯಜಮಾನಿಯದು. ಶಾಲನ್ನು ಕಿವಿಯವರೆಗೆ ಸುತ್ತಿಕೊಂಡಿದ್ದರು. ಸೊಂಟದಲ್ಲಿ ಕೀಲಿಗೊಂಚಲು. ಸಸಿ ಸತ್ತ ದಿನ ಗಿಡದಣ್ಣನ ಕೈಯಿಂದ ಕಿತ್ತುಕೊಂಡ ಗೊಂಚಲು ಅದು.

"ಇಡೀ ಬೀದಿ ಆ ಯಂತ್ರ ನಂಬಿದೆ ಪತ್ತೇದಾರಮ್ಮ. ಬಟ್ಟೆ ಒಣಹಾಕೋರಿಂದ ಹಿಡಿದು ಗೋಡೆಗೆ ಬಣ್ಣ ಹೊಡೆಯೋರವರೆಗೆ ಎಲ್ಲರೂ ನಮ್ಮಣ್ಣನ್ನ ಕೇಳೇ ಕೆಲಸ ಶುರು ಮಾಡೋದು. ಸಾಕ್ಷಿ ಹುಡುಕಿಕೊಡಿ ಅಂತ ನಿಮ್ಮನ್ನ ಕರೆಸಿದ್ದು ನಾನು. ಇವನ ಪರ ವಾದ ಮಾಡಿ ಅಂತಲ್ಲ."

"ಸಾಕ್ಷಿಗೆ ಪಕ್ಷ ಇರಲ್ಲಮ್ಮ. ಅದು ಸಿಕ್ಕಿದ ಕಡೆ ಸಿಗುತ್ತೆ."

"ಮಧ್ಯಾಹ್ನದವರೆಗೆ ಸಿಕ್ಕರೆ ಸರಿ. ಇಲ್ಲಾಂದ್ರೆ ನಾನು ಠಾಣೆಗೆ ಹೋಗ್ತೀನಿ." ಯಜಮಾನಿ ಗಿಡದಣ್ಣನ ಹೆಗಲಲ್ಲಿ ತೂಗುತ್ತಿದ್ದ ದಪ್ಪ ಚೀಲವನ್ನು ನೋಡಿದರು. "ಏನಪ್ಪಾ, ಊರು ಬಿಡೋಕೆ ಗಂಟು ಕಟ್ಟಿಕೊಂಡೇ ಬಂದಿದ್ದೀಯಾ?"

ಗಿಡದಣ್ಣ ಚೀಲವನ್ನು ಪಕ್ಕೆಗೆ ಒತ್ತಿಕೊಂಡ. ಐವತ್ತು ದಾಟಿದ ಆಳು. ಅರ್ಧ ಆಯುಸ್ಸು ಈ ಮಡಿಗಳ ಮೇಲೆ ಬಗ್ಗಿ ಕಳೆದವನು. ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಇನ್ನೊಬ್ಬರು ತನ್ನ ಕೈಗೆ ಸಸಿ ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಚಳಿಯೇ ಸಸಿ ಕೊಂದದ್ದಾದರೆ ಇದೇನು?" ಯಜಮಾನಿ ಬೇಲಿಯತ್ತ ಕೈ ತೋರಿಸಿದರು.

ಬೇಲಿ ಪಕ್ಕದ ಕೊನೆಯ ಸಾಲು. ಉಳಿದ ಮಡಿಗಳಲ್ಲಿ ಕಪ್ಪು ಕಡ್ಡಿಗಳು ನೆಲ ಕಚ್ಚಿದ್ದರೆ, ಅಲ್ಲಿ ಮಾತ್ರ ಒಂದು ಮಂಚದಷ್ಟು ಉದ್ದಕ್ಕೆ ಸಸಿಗಳು ಹಸುರಾಗಿ ನಿಂತಿದ್ದವು.

"ಚಳಿಗೆ ಈ ಸಾಲಿನ ಮೇಲೆ ಮಾತ್ರ ಪ್ರೀತಿ ಬಂತಾ? ವಿಷ ಸುರಿಯೋನು ಇಲ್ಲಿಗೆ ಬರೋಷ್ಟರಲ್ಲಿ ಡಬ್ಬ ಖಾಲಿಯಾಯ್ತು, ಅಷ್ಟೇ."

ಪತ್ತೇದಾರಮ್ಮ ಕೊನೆಯ ಸಾಲಿನ ಹತ್ತಿರ ಹೋಗಿ ಮತ್ತೆ ಕೂತರು. ಮೊದಲು ಅವರು ನೇಯ್ಗೆಯ ಗಿರಣಿಯಲ್ಲಿ ಬಟ್ಟೆ ಪರೀಕ್ಷಿಸುತ್ತಿದ್ದವರು. ಎಳೆಯೊಂದು ತಪ್ಪಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಮಡಿಯಂಚಿನ ಕಲ್ಲುಗಳನ್ನು ಒಂದೊಂದಾಗಿ ಸವರಿದರು. ಒರಟಾದ ಒಂದು ಕಲ್ಲಿನ ಮೂಲೆಯಲ್ಲಿ ಬೆರಳು ನಿಂತಿತು.

ನೀಲಿ ಉಣ್ಣೆಯ ಎಳೆ. ಅದರ ಪಕ್ಕದ ಕಲ್ಲಿನಲ್ಲಿ ಇನ್ನೊಂದು.

"ಗಿಡದಣ್ಣಾ, ಇದೇನು?"

ಅವನು ನೋಡಿದ. ನೋಡಿದ ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದ. "ಗೊತ್ತಿಲ್ಲಮ್ಮ."

ಅದುವರೆಗೆ ಅವನು ಹೇಳಿದ ಮಾತುಗಳಲ್ಲಿ ಸುಳ್ಳು ಎಂದು ಪತ್ತೇದಾರಮ್ಮನಿಗೆ ಅನ್ನಿಸಿದ್ದು ಅದೊಂದೇ. ಅವರು ಎಳೆಗಳನ್ನು ಕರವಸ್ತ್ರದಲ್ಲಿ ಮಡಿಚಿ ಇಟ್ಟುಕೊಂಡು ಎದ್ದರು.

ತಗ್ಗಿನ ಆ ಕೊನೆಗೆ, ಹುಲ್ಲಿನ ನಡುವೆ, ಎದೆಯೆತ್ತರದ ಕಂಬವಿತ್ತು. ಕಂಬದ ತುದಿಯಲ್ಲಿ ತಟ್ಟೆಗಳನ್ನು ಕವುಚಿ ಒಂದರ ಮೇಲೊಂದು ಪೇರಿಸಿದಂಥ ಬಿಳಿ ಗೂಡು. ಯಜಮಾನಿಯ ಅಣ್ಣ, ಬೀದಿಗೆಲ್ಲ ಮೇಷ್ಟ್ರು ಎಂದೇ ಪರಿಚಿತರು, ನಿವೃತ್ತರಾದ ಮೇಲೆ ನಿಲ್ಲಿಸಿದ್ದು. ಗೂಡಿನೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರು. ಅದು ಅಳೆದ ಅಂಕಿ ತಂತಿಯಿಲ್ಲದೆ ಎರಡು ಪೆಟ್ಟಿಗೆಗಳಿಗೆ ಹೋಗುತ್ತಿತ್ತು: ಒಂದು ಮೇಷ್ಟ್ರ ತಲೆದಿಂಬಿನ ಹತ್ತಿರ, ಇನ್ನೊಂದು ನರ್ಸರಿಯ ತಗಡಿನ ಶೆಡ್ಡಿನಲ್ಲಿ. ಅಂಕಿ ಮೂರಕ್ಕಿಂತ ಕೆಳಗಿಳಿದರೆ ಶೆಡ್ಡಿನಲ್ಲಿ ಗಂಟೆ ಹೊಡೆಯುತ್ತಿತ್ತು. ಗಿಡದಣ್ಣ ಎದ್ದು ಸಸಿಗಳಿಗೆಲ್ಲ ಬಟ್ಟೆ ಹೊದಿಸುತ್ತಿದ್ದ. ಇಷ್ಟು ವರ್ಷ ಅದು ತಪ್ಪಿರಲಿಲ್ಲ.

"ಗೂಡು ಯಾಕೆ ಹೀಗಿದೆ ಗೊತ್ತಾ?" ಎಂದರು ಪತ್ತೇದಾರಮ್ಮ.

"ಗೊತ್ತಿಲ್ಲದೆ ಏನು? ಊಟಕ್ಕೆ ಕೂತಾಗೆಲ್ಲ ಅಣ್ಣ ಅದನ್ನೇ ಹೇಳ್ತಿದ್ದ. 'ಬಿಸಿಲು ತಾಗಬಾರದು ಪುಟ್ಟೀ, ಗೋಡೆ ಹತ್ರ ಇರಬಾರದು, ಗಾಳಿ ಮಾತ್ರ ಆಡಬೇಕು. ನಾವು ಅಳೆಯೋದು ಗಾಳಿನ, ಗೋಡೆನಲ್ಲ.' ಕೇಳಿ ಕೇಳಿ ಅನ್ನ ಆರಿಹೋಗೋದು."

ಪತ್ತೇದಾರಮ್ಮ ಬಗ್ಗಿ, ಗೂಡಿನ ಕೆಳಗಿನಿಂದ ಒಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ಆಮೇಲೆ ನಕ್ಕರು.

"ಬನ್ನಿ, ನೀವೂ ನೋಡಿ. ಬಾಡಿಗೆ ಇಲ್ಲದೆ ಯಾರೋ ಸಂಸಾರ ಹೂಡಿದ್ದಾರೆ."

ಯಜಮಾನಿ ಬಗ್ಗಿದರು. ಗೂಡಿನ ಒಳಗೆ, ಅಂಚಿನಿಂದ ಅಂಚಿಗೆ, ಅಚ್ಚುಕಟ್ಟಾದ ಒಂದು ಬಲೆ. ನಡುವೆ ಚಳಿಗೆ ಕಾಲು ಮುದುರಿಕೊಂಡ ಜೇಡ. ಬಲೆಯ ಎಳೆ ಎಲ್ಲೂ ಹರಿದಿರಲಿಲ್ಲ. ಸೆನ್ಸರು ಇರಬೇಕಾದ ಜಾಗದಲ್ಲೇ ಅದು ಹರಡಿತ್ತು, ಇಂದು ನಿನ್ನೆ ನೇಯ್ದ ಬಲೆಯಲ್ಲ.

"ಸೆನ್ಸರ್ ಎಲ್ಲಿ?" ಯಜಮಾನಿಯ ದನಿ ಸಣ್ಣಗಾಯಿತು. "ಅಂಕಿ ಬರ್ತಾನೇ ಇದೆಯಲ್ಲ!"

"ಅದೇ ನೋಡಿ. ಎಲ್ಲಿಂದಲೋ ಬರ್ತಿದೆ."

ಗಿಡದಣ್ಣ ಶೆಡ್ಡಿನ ಬಾಗಿಲಿನಿಂದ ಕೂಗಿದ. "ಅಮ್ಮಾ, ಅಂಕಿ ಏಳಾಯ್ತು! ಈಗ ಏಳೂವರೆ!"

ಮೂವರೂ ಸೂರ್ಯನನ್ನು ಹುಡುಕಿದರು. ಬೆಳಕು ಬಂದಿತ್ತು, ಸೂರ್ಯ ಇನ್ನೂ ದಿಬ್ಬದ ಆಚೆಗಿದ್ದ. ಹುಲ್ಲು ಬೆಳ್ಳಗೇ ಇತ್ತು. ತಗ್ಗಿನಲ್ಲಿ ಏನೂ ಬೆಚ್ಚಗಾಗುತ್ತಿರಲಿಲ್ಲ. ಆದರೂ ಅಂಕಿ ಏರುತ್ತಿತ್ತು.

ಪತ್ತೇದಾರಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಸುತ್ತ ನೋಡಿದರು. ಎದುರಿಗೆ, ಹಿತ್ತಲಿನ ಸಣ್ಣ ಗೇಟಿನ ಆಚೆ, ಮೇಷ್ಟ್ರ ಮನೆ. ಕೆಳಗಿನ ಕೋಣೆಯ ಕಿಟಕಿ ಆಗಷ್ಟೇ ತೆರೆದಿತ್ತು. ಅದರೊಳಗಿನಿಂದ ಹಬೆಯ ಒಂದು ಎಳೆ ಹೊರಬಂದು ಚಳಿಯಲ್ಲಿ ಕರಗುತ್ತಿತ್ತು. ಯಾರೋ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡುವ ಸದ್ದು.

"ನೀವಿಬ್ಬರೂ ಇಲ್ಲೇ ಇರಿ," ಎಂದರು ಪತ್ತೇದಾರಮ್ಮ. "ನಾನು ಕರೆದಾಗ ಆ ಬಟ್ಟಲು ತಗೊಂಡು ಬನ್ನಿ. ಜಗಳ ಆಡ್ಬೇಡಿ. ಆಡಿದರೂ ಬಟ್ಟಲು ಒಡೀಬೇಡಿ."

*

ಕಿಟಕಿಯ ಕೆಳಗಿನ ಗೋಡೆಗೆ ಪತ್ತೇದಾರಮ್ಮ ಅಂಗೈ ಇಟ್ಟರು. ನಿನ್ನೆಯ ಬಿಸಿಲನ್ನು ಉಂಡ ಕಲ್ಲು ಇನ್ನೂ ಪೂರ್ತಿ ತಣಿದಿರಲಿಲ್ಲ. ಕಿಟಕಿಯ ಸಂದಿನಿಂದ ಕೋಣೆಯ ಹೀಟರಿನ ಬಿಸಿ ಮುಖಕ್ಕೆ ತಾಗಿತು. ಹೊರಗಿನ ಕಟ್ಟೆಯ ಮೇಲೆ ಹೂವಿನ ಕುಂಡ. ಕುಂಡದ ಹಿಂದೆ, ಹಳೆಯ ಸೀರೆಯ ಅಂಚಿನಿಂದ ಸರಳಿಗೆ ಜೋಪಾನವಾಗಿ ಕಟ್ಟಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬಿಳಿ ಡಬ್ಬಿ.

ಅವರು ಅದನ್ನು ಮುಟ್ಟಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಕೆಮ್ಮಿದರು.

ಮೇಷ್ಟ್ರ ಹೆಂಡತಿ ಬಿಸಿನೀರಿನ ಪಾತ್ರೆ ಕೆಳಗಿಟ್ಟು ತಿರುಗಿದರು. ಕೈ ಒರೆಸಿಕೊಳ್ಳುತ್ತಾ ನಕ್ಕರು. "ಬನ್ನಿ ಬನ್ನಿ. ಇಷ್ಟು ಬೇಗ? ಚಹಾ ಇಡ್ತೀನಿ ಕೂತ್ಕೊಳ್ಳಿ. ಚಳಿ ನೋಡಿ ಹೇಗಿದೆ! ಇವರ ನೀಲಿ ಹೊದಿಕೆ ಬೇರೆ ಕಾಣ್ತಿಲ್ಲ. ನಾದಿನಿ ಒಗೆಯೋಕೆ ತಗೊಂಡು ಹೋದಳೋ ಏನೋ. ಕೇಳಬೇಕು ಅಂದ್ಕೊಂಡು ಮರೀತೀನಿ."

ಪತ್ತೇದಾರಮ್ಮನ ಬೆರಳು ಕರವಸ್ತ್ರವನ್ನು ಮುಟ್ಟಿ ಹಿಂದೆ ಬಂತು. ಅದಕ್ಕೆ ಇನ್ನೂ ಹೊತ್ತಿತ್ತು.

"ಅಕ್ಕಾ, ಚಹಾ ಆಮೇಲೆ. ಕುಂಡದ ಹಿಂದೆ ಇರೋದನ್ನ ಕಟ್ಟಿದ್ದು ನೀವಾ?"

ಮೇಷ್ಟ್ರ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು.

"ಹೌದು," ಎಂದರು. "ತಪ್ಪಾಯ್ತಾ?"

ಆ ಕೇಳುವಿಕೆಯಲ್ಲಿ ಕಪಟವಿರಲಿಲ್ಲ. ಪತ್ತೇದಾರಮ್ಮ ಮಣೆ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತರು.

"ಮೊದಲು ಯಾಕೆ ಅಂತ ಹೇಳಿ."

"ಇವರಿಗೆ ಒಂದು ಪಕ್ಕ ಬಿದ್ದುಹೋದ ಮೇಲೆ ಮಹಡಿಯ ಕೋಣೆಯಿಂದ ಕೆಳಗೆ ತಂದು ಮಲಗಿಸಿದ್ವಲ್ಲ. ಪೆಟ್ಟಿಗೆನೂ ಜೊತೆಗೆ ತಂದ್ವಿ. ಆದರೆ ಕೆಳಗೆ ಬಂದ ಮೇಲೆ ಅದರಲ್ಲಿ ಅಂಕಿನೇ ಬರಲಿಲ್ಲ. ಎರಡು ಗೆರೆ. ಬರೀ ಎರಡು ಅಡ್ಡ ಗೆರೆ. ಮಧ್ಯೆ ಆ ತಗಡಿನ ಶೆಡ್ಡು ಇದೆ, ಅಂಕಿ ಅದನ್ನ ದಾಟಿ ಬರಲ್ಲ ಅಂತ ಇವರೇ ತೊದಲಿ ತೊದಲಿ ಹೇಳಿದರು."

"ಆಮೇಲೆ?"

"ಆಮೇಲೇನು. ಮಾತು ಹೋಯ್ತು, ಇವರು ಅಳಲಿಲ್ಲ. ಕೈ ಹೋಯ್ತು, ಅಳಲಿಲ್ಲ. ಆ ಗೆರೆ ನೋಡಿ ಗೋಡೆ ಕಡೆ ತಿರುಗಿ ಮಲಗಿದರು. ಬೆನ್ನು ಅಲುಗುತ್ತಿತ್ತು. ಮದುವೆಯಾದಾಗಿನಿಂದ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮುಖಕ್ಕಿಂತ ಮೊದಲು ಪಾದರಸ ನೋಡಿದ ಮನುಷ್ಯ ಇವರು." ಅಷ್ಟು ಹೇಳುವಾಗ ಅವರಿಗೆ ನಗು ಬಂತು, ನಗುವಿನ ಬೆನ್ನಿಗೇ ಕಣ್ಣು ತುಂಬಿತು. "ನನಗೆ ತಡೆಯೋಕಾಗಲಿಲ್ಲ. ತಗ್ಗಿನ ಕಂಬದ ಹತ್ರ ಹೋದೆ. ಗೂಡಿನ ಕೆಳಗಿಂದ ಎಳೆದರೆ ಡಬ್ಬಿ ಕೈಗೆ ಬಂತು. ಕಿಟಕಿಗೆ ತಂದು ಕಟ್ಟಿದೆ. ಒಳಗೆ ಬಂದು ನೋಡ್ತೀನಿ, ಅಂಕಿ! ಇವರು ಈ ಕಡೆ ತಿರುಗಿದ್ರು."

"ಗೋಡೆ ಹತ್ರ ಇಡಬಾರದು ಅಂತ ಅವರು ಹೇಳ್ತಿದ್ದದ್ದು..."

"ಸಾವಿರ ಸಲ ಹೇಳಿದ್ದಾರೆ. ಅವರು ಹೇಳುವಾಗ ನಾನು ಅವರ ಮುಖ ನೋಡ್ತಿದ್ದೆ. ಮಾತು ಯಾರು ಕೇಳ್ತಿದ್ರು?" ತಟ್ಟನೆ ಅವರ ಮುಖ ಬದಲಾಯಿತು. "ಹೊರಗೇ ಇದೆಯಲ್ಲ ಅಂದುಕೊಂಡೆ. ಅಂಗಳದ ಚಳಿ ಬೇರೆ, ಕಿಟಕಿಯ ಚಳಿ ಬೇರೆ ಇರುತ್ತಾ ಪತ್ತೇದಾರಮ್ಮ?"

"ಇರುತ್ತೆ ಅಕ್ಕ. ಚಳಿ ನೀರಿದ್ದ ಹಾಗೆ, ತಗ್ಗಿಗೆ ಹರಿದು ನಿಲ್ಲುತ್ತೆ. ಇಲ್ಲಿ ಗೋಡೆ ಬೆಚ್ಚಗಿದೆ. ಒಳಗಿನ ಹೀಟರಿನ ಬಿಸಿ ಸಂದಿಯಿಂದ ಬರುತ್ತೆ. ಡಬ್ಬಿ ತಾನು ನಿಂತಲ್ಲಿಯ ಅಂಕಿ ಹೇಳಿದೆ, ಅಷ್ಟೇ. ಅಲ್ಲಿ ಶೆಡ್ಡಿನಲ್ಲಿ ಗಿಡದಣ್ಣ ಅದನ್ನೇ ನಂಬಿ ಮಲಗಿದ್ದ."

ಮೇಷ್ಟ್ರ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ ದೇವರೇ. ಆ ಬಡಪಾಯಿ ಮೇಲೆ ಬಂದದ್ದು ನನ್ನಿಂದಲಾ?" ಅವರು ಎದ್ದೇ ನಿಂತರು. "ನಾನು ಬಂದು ಹೇಳ್ತೀನಿ. ನಾದಿನಿ ಕಾಲು ಹಿಡೀಬೇಕಾದ್ರೂ ಹಿಡೀತೀನಿ. ಅವನ ಕಾಲೂ ಹಿಡೀತೀನಿ. ಆದರೆ..." ದನಿ ಪಿಸುಮಾತಾಯಿತು. "ಇವರಿಗೆ ಮಾತ್ರ ಹೇಳಬೇಡಿ. ದಿನಾ ನೋಡಿ ಸಮಾಧಾನ ಪಟ್ಟ ಅಂಕಿ ಎಲ್ಲಾ ಸುಳ್ಳು ಅಂತ ಗೊತ್ತಾದ್ರೆ ಇವರು ಮತ್ತೆ ಗೋಡೆ ಕಡೆ ತಿರುಗಿಬಿಡ್ತಾರೆ. ಆಮೇಲೆ ನಾನು ಯಾವ ಡಬ್ಬಿ ತಂದು ಕಟ್ಟಲಿ?"

ಪತ್ತೇದಾರಮ್ಮ ಹೊರಗಿನ ಬೆಳ್ಳನೆಯ ಹುಲ್ಲನ್ನು ನೋಡಿದರು. ಅಲ್ಲಿ ಒಬ್ಬ ಮನುಷ್ಯ ಚೀಲ ತಬ್ಬಿಕೊಂಡು ಕಾಯುತ್ತಿದ್ದ. ಇಲ್ಲಿ ಗೋಡೆಯಾಚೆ ಇನ್ನೊಬ್ಬರು ಅಂಕಿ ನೋಡುತ್ತಾ ಮಲಗಿದ್ದರು. ಒಬ್ಬರಿಗೆ ನಿಜ ಬೇಕಿತ್ತು. ಇನ್ನೊಬ್ಬರಿಂದ ಅದನ್ನು ಮುಚ್ಚಿಡು ಎಂದು ಈ ತಾಯಿ ಬೇಡುತ್ತಿದ್ದರು.

"ಸುಳ್ಳು ಹೇಳೋಕೆ ನನ್ನಿಂದಾಗಲ್ಲ ಅಕ್ಕ," ಎಂದರು ಕೊನೆಗೆ. "ನಿಮ್ಮ ಹೆಸರು ನಾನು ಎತ್ತಲ್ಲ. ಅಷ್ಟು ಮಾಡ್ತೀನಿ. ಫ್ರಿಜ್ಜಿನಲ್ಲಿ ಐಸ್ ಇದೆಯಾ?"

*

ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಹೊಸದಾಗಿ ಒರೆಸಿದ ಮುಖ, ನುಣ್ಣಗೆ ಬಾಚಿದ ಕೂದಲು, ಮೈಮೇಲೆ ಎರಡು ತೆಳು ಹೊದಿಕೆ. ಬಾಯಿಯ ಒಂದು ಕೊನೆ ಇಳಿದಿತ್ತು. ಕಣ್ಣೆರಡೂ ಮಾತ್ರ ಪಾಠ ಹೇಳುವ ಕಣ್ಣುಗಳಾಗಿಯೇ ಉಳಿದಿದ್ದವು. ತಲೆಯ ಹತ್ತಿರದ ಪೆಟ್ಟಿಗೆ ಎಂಟು ತೋರಿಸುತ್ತಿತ್ತು.

ಪತ್ತೇದಾರಮ್ಮ ಎಲ್ಲರನ್ನೂ ಒಳಗೆ ಕರೆದರು. ಯಜಮಾನಿ ಅಣ್ಣನ ಕಾಲ ಬಳಿ ಕೂತರು. ಗಿಡದಣ್ಣ ಹೊಸಿಲು ದಾಟಲಿಲ್ಲ. ಚೀಲದೊಂದಿಗೆ ಬಾಗಿಲಿಗೆ ಒರಗಿ ನಿಂತ. ಮೇಷ್ಟ್ರ ಹೆಂಡತಿ ಮೂಲೆ ಹಿಡಿದರು.

ಬಟ್ಟಲಿನ ಹೆಪ್ಪಿಗೆ ಫ್ರಿಜ್ಜಿನ ಐಸನ್ನೂ ಪುಡಿಮಾಡಿ ಸೇರಿಸಿ, ಪತ್ತೇದಾರಮ್ಮ ಚೆನ್ನಾಗಿ ಕಲಕಿದರು. ಕಿಟಕಿಯಿಂದ ಬಿಳಿ ಡಬ್ಬಿ ಬಿಚ್ಚಿ ತಂದರು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಕರಗುವ ಐಸಿನ ನಡುವೆ ಹೂತರು.

"ಕರಗ್ತಿರೋ ಐಸು ಯಾವ ಊರಲ್ಲಾದರೂ ಸೊನ್ನೆ," ಎಂದರು. "ಇದು ಸೊನ್ನೆ ತೋರಿಸಿದರೆ ಡಬ್ಬಿ ಆರೋಗ್ಯವಾಗಿದೆ ಅಂತ ಅರ್ಥ. ಸರಿನಾ ಮೇಷ್ಟ್ರೇ?"

ಮೇಷ್ಟ್ರ ಅರ್ಧ ಮುಖ ನಕ್ಕಿತು. ಕೆಲಸ ಮಾಡುವ ಕೈಯ ಬೆರಳು ಮೇಲೆ ಕೆಳಗೆ ಆಡಿತು: ಕಲಕ್ತಾ ಇರು.

ಎಂಟು ಏಳಾಯಿತು. ಏಳು ಐದೂವರೆಯಾಯಿತು. ನಾಲ್ಕು. ಮೂರೂವರೆ. ಮೂರು.

ಎರಡು ಮುಕ್ಕಾಲು.

ಹೊರಗೆ, ತಗ್ಗಿನಲ್ಲಿ, ತಗಡಿನ ಶೆಡ್ಡಿನೊಳಗಿಂದ ಗಂಟೆ ಹೊಡೆಯಿತು.

ಗಿಡದಣ್ಣ ಬಾಣದಂತೆ ಓಡಿದ. ಹೆಗಲ ಚೀಲ ಜಾರಿ ಬಾಗಿಲಲ್ಲಿ ಬಿತ್ತು. ಅವನು ಹಿತ್ತಲಿನ ಗೇಟು ತಳ್ಳಿದ್ದು, ಶೆಡ್ಡಿನ ಮೂಲೆಗೆ ಹಾರಿದ್ದು, ಸಸಿಗೆ ಹೊದಿಸುವ ಬಟ್ಟೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮಡಿಯ ಕಡೆ ನುಗ್ಗಿದ್ದು, ಎಲ್ಲವೂ ಕಿಟಕಿಯಿಂದ ಕಂಡಿತು. ಮೊದಲ ಮಡಿಯ ಹತ್ತಿರ ಹೋಗಿ ಅವನು ನಿಂತ. ಕಪ್ಪು ಕಡ್ಡಿಗಳನ್ನು ನೋಡಿದ. ಹೊದಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಬಟ್ಟೆಯ ಸುರುಳಿ ಹೊತ್ತುಕೊಂಡೇ ಅವನು ಹುಲ್ಲಿನಲ್ಲಿ ನಿಂತಿದ್ದ. ಗಂಟೆ ಹೊಡೆಯುತ್ತಲೇ ಇತ್ತು.

ಯಜಮಾನಿ ಕಿಟಕಿಯಿಂದ ಕಣ್ಣು ಕೀಳಲಿಲ್ಲ. "ಗಂಟೆ ಹೊಡೆದಿದ್ದರೆ ಇವನು ಮಲಗ್ತಾನೇ ಇರಲಿಲ್ಲ," ಎಂದರು, ಯಾರಿಗೂ ಅಲ್ಲ.

ಪತ್ತೇದಾರಮ್ಮ ಡಬ್ಬಿಯನ್ನು ಐಸಿನಿಂದ ಎತ್ತುವ ಮೊದಲು ಅಂಕಿ ತೋರಿಸಿದರು. ಸೊನ್ನೆ. "ಡಬ್ಬಿಗೆ ಏನೂ ಆಗಿಲ್ಲ. ಇದ್ದ ಜಾಗ ತಪ್ಪು. ಆ ರಾತ್ರಿ ಇಲ್ಲಿ ಆರು, ತಗ್ಗಿನಲ್ಲಿ ಹೆಪ್ಪು. ವಿಷ ಯಾರೂ ಹಾಕಿಲ್ಲ ಅಮ್ಮ."

"ಇಲ್ಲಿಗೆ ತಂದಿಟ್ಟದ್ದು ಯಾರು?"

ಮೂಲೆಯಲ್ಲಿ ಮೇಷ್ಟ್ರ ಹೆಂಡತಿ ಬಾಯಿ ತೆರೆದರು. ಅವರಿಗಿಂತ ಮೊದಲು ಮಂಚದಿಂದ ದನಿ ಬಂತು. ಒದ್ದೆ ಬಟ್ಟೆಯ ಹಾಗೆ ಭಾರವಾದ ದನಿ.

"ನಾ... ನಾನೇ. ನಾನೇ ಹೇಳಿ... ಇಡಿಸಿದ್ದು."

"ಇಲ್ಲ ರೀ!" ಹೆಂಡತಿ ಮುಂದೆ ಬಂದರು. "ನೀವ್ಯಾವಾಗ ಹೇಳಿದ್ರಿ? ಪುಟ್ಟೀ, ಇವರಿಗೆ ಗೊತ್ತೇ ಇಲ್ಲ. ನಾನು ಕದ್ದು ಕಟ್ಟಿದ್ದು."

"ಗೊತ್ತಿತ್ತು," ಎಂದರು ಮೇಷ್ಟ್ರು.

ಹೆಂಡತಿ ಮಂಚದ ಕಡೆ ತಿರುಗಿದರು.

ಮೇಷ್ಟ್ರು ನಿಧಾನವಾಗಿ, ಒಂದೊಂದು ಮಾತನ್ನೂ ಬಾವಿಯಿಂದ ಸೇದುವ ಹಾಗೆ ಎತ್ತಿ ಎತ್ತಿ ಹೇಳಿದರು. "ನೀನು... ಬಿಸಿನೀರು ತರುವಾಗೆಲ್ಲ... ಅಂಕಿ ಏರೋದು. ನೀನು ಬರೋದು... ನಂಗೆ ಮೊದಲೇ ತಿಳಿಯೋದು." ಉಸಿರು ತೆಗೆದುಕೊಂಡರು. "ಚೆನ್ನಾಗಿತ್ತು."

ಮೇಷ್ಟ್ರ ಹೆಂಡತಿ ಮಂಚದ ಅಂಚು ಹಿಡಿದು ನೆಲದ ಮೇಲೆ ಕೂತುಬಿಟ್ಟರು. "ಹೇಳಬಾರದಿತ್ತಾ?" ಎಂದರು, ಬೈಯುತ್ತಾ, ಅಳುತ್ತಾ.

"ಹೇಳಿದ್ರೆ... ನೀನು ಬಿಚ್ಚಿಬಿಡ್ತಿದ್ದೆ." ಮೇಷ್ಟ್ರ ಕಣ್ಣು ತಂಗಿಯ ಕಡೆ ತಿರುಗಿತು. "ಪುಟ್ಟಿಗೆ... ಹೇಳಿದ್ದೆ. ನಾಲ್ಕು... ಕಳಿ."

ಯಜಮಾನಿಯ ಮುಖದ ಬಣ್ಣ ಇಳಿಯಿತು.

"ದಿನಾ ಸಂಜೆ ಹೇಳೋನು," ಎಂದರು ಅವರು, ಬಹಳ ಮೆಲ್ಲಗೆ. "ಗಂಜಿ ಕುಡಿಸುವಾಗ. ಪೆಟ್ಟಿಗೆ ತೋರಿಸಿ, ನಾಲ್ಕು ಕಳಿ, ನಾಲ್ಕು ಕಳಿ ಅಂತ. ನಾನು, ನಾನು ಅವನ ತಲೆ ಸವರಿ 'ಆಯ್ತಣ್ಣ, ಕಳೀತೀನಿ' ಅಂತ ಇನ್ನೊಂದು ಚಮಚ ಬಾಯಿಗಿಡ್ತಿದ್ದೆ. ಕಾಯಿಲೆಯಲ್ಲಿ ಬುದ್ಧಿ ಮಂಕಾಗಿದೆ ಅಂದುಕೊಂಡೆ. ಆರರಲ್ಲಿ ನಾಲ್ಕು ಕಳೆದಿದ್ದರೆ ಎರಡು ಅಂತ ಒಂದನೇ ತರಗತಿ ಮಗುಗೂ ಗೊತ್ತಾಗ್ತಿತ್ತು. ನಾನು ಕೇಳಿಸಿಕೊಳ್ಳಲೇ ಇಲ್ಲ."

ಅಣ್ಣನ ಕೈ ಹುಡುಕುತ್ತಾ ಬಂದು ತಂಗಿಯ ನೆತ್ತಿಯ ಮೇಲೆ ನಿಂತಿತು. ತಂಗಿ ಮಗುವಾಗಿದ್ದಾಗ ಇಡುತ್ತಿದ್ದ ಹಾಗೆಯೇ ಇರಬೇಕು.

ಗಂಟೆ ನಿಂತಿತ್ತು. ಗಿಡದಣ್ಣ ತಿರುಗಿ ಬಂದು ಬಾಗಿಲಲ್ಲಿ ನಿಂತಿದ್ದ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ. "ಗಂಟೆ ಕೇಳಿದ ಕೂಡಲೇ ಕಾಲು ತಾನಾಗೇ ಓಡ್ತು ಅಮ್ಮಾವ್ರೇ," ಎಂದ.

ಯಜಮಾನಿ ಎದ್ದರು. ಸೊಂಟದಿಂದ ಕೀಲಿಗೊಂಚಲು ತೆಗೆದರು. ಅದನ್ನು ಕಿತ್ತುಕೊಂಡ ದಿನ ಆಡಿದ ಮಾತು ಇಡೀ ಬೀದಿಗೆ ಕೇಳಿತ್ತು. ಈಗ ಅವನ ಅಂಗೈ ಬಿಡಿಸಿ, ಗೊಂಚಲಿಟ್ಟು, ತಮ್ಮೆರಡು ಕೈಯಿಂದ ಆ ಮುಷ್ಟಿಯನ್ನು ಮುಚ್ಚಿದರು.

"ಠಾಣೆಗೆ ಹೋಗಲ್ಲ ತಾನೇ?" ಎಂದ ಅವನು.

"ಹೋದರೆ ನನ್ನನ್ನೇ ಹಿಡಿದುಕೊಡಬೇಕು ಕಣಪ್ಪ."

ಅವನ ಮುಖದಲ್ಲಿ ಆ ವಾರದ ಮೊದಲ ನಗು ಮೂಡಿತು. ಅಷ್ಟಕ್ಕೆ ಎಲ್ಲ ಮುಗಿಯಿತೆಂದು ಕೋಣೆ ಸಡಿಲವಾಯಿತು. ಮೇಷ್ಟ್ರ ಹೆಂಡತಿ ಚಹಾಕ್ಕೆಂದು ಏಳಹೊರಟರು.

ಪತ್ತೇದಾರಮ್ಮ ಮಾತ್ರ ಕೂತಲ್ಲೇ ಇದ್ದರು. ಕರವಸ್ತ್ರ ಬಿಚ್ಚಿ ಮಂಚದ ಅಂಚಿಗೆ ಹರಡಿದರು. ನೀಲಿ ಎಳೆ ಎರಡು.

"ಗಿಡದಣ್ಣಾ," ಎಂದರು. "ಬೆಳಿಗ್ಗೆ ನಿನಗೆ ಗೊತ್ತಿಲ್ಲದ್ದು ಈಗ ಗೊತ್ತಾಗಿರಬಹುದು."

ಅವನ ನಗು ನಿಂತಿತು. ಅವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಇಬ್ಬರ ನಡುವೆ ಏನು ಹೋಯಿತೋ, ಅವನು ಬಗ್ಗಿ, ಬಾಗಿಲಲ್ಲಿ ಬಿದ್ದಿದ್ದ ಚೀಲ ಎತ್ತಿಕೊಂಡ. ಹೊಸಿಲು ದಾಟಿ ಮೊದಲ ಸಲ ಒಳಗೆ ಬಂದ. ಚೀಲದ ಬಾಯಿ ಬಿಚ್ಚಿದ.

ಒಳಗಿಂದ ಹೊರಬಂದದ್ದು ಅಂಚಿಗೆ ಅಂಚು ಸೇರಿಸಿ ಮಡಿಚಿದ ನೀಲಿ ಉಣ್ಣೆಯ ಹೊದಿಕೆ.

"ಅಯ್ಯೋ, ಇದು ಇವರದ್ದು!" ಎಂದರು ಮೇಷ್ಟ್ರ ಹೆಂಡತಿ. "ಆ ರಾತ್ರಿ ನಾನೇ ಹೊದಿಸಿ ಮಲಗಿಸಿದ್ದೆ. ಹಿತ್ತಲ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ದೆ. ಬೆಳಿಗ್ಗೆ ಎದ್ದಾಗ ಚಿಲಕ ಹಾಕಿದ ಹಾಗೇ ಇತ್ತು. ನಿನ್ನ ಕೈಗೆ ಹೇಗೆ ಬಂತಪ್ಪ?"

"ಬೇಲಿ ಪಕ್ಕದ ಸಾಲಿಗೆ ಹೊದಿಸಿತ್ತು ಅಕ್ಕ. ಹಾರದ ಹಾಗೆ ಸುತ್ತ ಕಲ್ಲಿಟ್ಟಿದ್ರು. ಅದಕ್ಕೇ ಆ ಸಾಲು ಉಳೀತು."

"ಅವತ್ತೇ ಇದನ್ನ ತೋರಿಸಿದ್ರೆ ನೀನು ಅವತ್ತೇ ಬಚಾವಾಗ್ತಿದ್ದೆಯಲ್ಲೋ!" ಯಜಮಾನಿಯ ದನಿ ಏರಿತು. "ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೊದಿಕೆ ತೋರಿಸಿದ್ರೆ ಹೆಜ್ಜೆ ಗುರುತೂ ತೋರಿಸಬೇಕಾಗ್ತಿತ್ತು. ಪ್ರಶ್ನೆ ಈ ಮಂಚದವರೆಗೂ ಬರ್ತಿತ್ತು." ಅವನು ನೆಲ ನೋಡುತ್ತಾ ಹೇಳಿದ. "ನೀವು ಬರೋ ಮೊದಲೇ ಪೊರಕೆ ತಗೊಂಡು ಅಳಿಸಿಬಿಟ್ಟೆ."

"ಯಾರ ಹೆಜ್ಜೆ?" ಎಂದರು ಪತ್ತೇದಾರಮ್ಮ.

"ಒಂದು ಕಾಲು ಊರಿ, ಇನ್ನೊಂದು ಕಾಲು ಎಳೆದುಕೊಂಡು ಬಂದ ಹೆಜ್ಜೆ. ಈ ಬಾಗಿಲಿನಿಂದ ಆ ಸಾಲಿನವರೆಗೆ. ಬರುವಾಗ ಒಬ್ಬರೇ." ಅವನು ತಡೆದ. "ವಾಪಸ್ ಹೋಗುವಾಗ ಇಬ್ಬರು. ಯಾರೋ ಹೆಗಲು ಕೊಟ್ಟು ನಡೆಸಿಕೊಂಡು ಹೋಗಿದ್ರು. ಯಾರು ಅಂತ ನನಗೂ ಗೊತ್ತಿಲ್ಲ."

ಅತ್ತಿಗೆ ನಾದಿನಿಯ ಮುಖ ನೋಡಿದರು. ನಾದಿನಿ ಅತ್ತಿಗೆಯ ಮುಖ ನೋಡಿದರು. ಇಬ್ಬರೂ ಒಟ್ಟಿಗೇ ತಲೆ ಅಲ್ಲಾಡಿಸಿದರು: ನಾನಲ್ಲ.

ಮಂಚದ ಮೇಲೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದವರ ಹಾಗಲ್ಲ, ಯಾರಿಗೋ ಮಾತು ಕೊಟ್ಟವರ ಹಾಗೆ.

ಗಿಡದಣ್ಣ ಮಂಡಿಯೂರಿ, ಹೊದಿಕೆಯ ಮೇಲೆ ಉಳಿದಿದ್ದ ಒಂದು ಒಣ ಎಲೆಯ ಚೂರನ್ನು ಬೆರಳಿನಿಂದ ಕೊಡವಿದ.

"ಒಗೆದಿದ್ದೀನಿ ಅಕ್ಕ," ಎಂದು, ಅದನ್ನು ಅವರ ಮಡಿಲಿಗಿಟ್ಟು ಕೈ ಹಿಂದೆ ತೆಗೆದ.